ಬೂದು ಬಣ್ಣದ ಗುರುತು

“ನಾಚ್ಕೆ ಆಗಲ್ವಾ ನಿಮಗೆ?”

ಬೇರೆಯವರು ನಮಸ್ಕಾರ ಹೇಳುವ ಕಡೆ ಅವರು ಈ ಮಾತು ಹೇಳುತ್ತಿದ್ದರು. ಭದ್ರಾವತಿಯಲ್ಲಿ ಅವರದೊಂದು ಬ್ಯಾಟರಿ ಅಂಗಡಿ ಇತ್ತು. ಊರೆಲ್ಲ ಅವರನ್ನು ಬ್ಯಾಟರಿ ಅಣ್ಣ ಎನ್ನುತ್ತಿತ್ತು, ನಾನೂ ಅಣ್ಣ ಎಂದೇ ಕರೆಯುತ್ತಿದ್ದೆ. ಹೆಸರು ಬರೆಯುವುದಿಲ್ಲ. ಹೋದ ತಿಂಗಳು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಲ್ಲಿ ಯಾರೋ ಹಿರಿಯರು, “ನೀನು ಅವರ ಜೊತೆ ಕೆಲಸ ಮಾಡಿದೋಳು, ನಾಲ್ಕು ಮಾತು ಹೇಳಮ್ಮ” ಎಂದಾಗ ಗಂಟಲು ನೋವು ಎಂದು ಸುಳ್ಳು ಹೇಳಿ ಹಿಂದೆ ಸರಿದೆ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಸಣ್ಣ ಆಫೀಸು. ಫೋನಿಗೆ ಆ್ಯಪ್ ಮಾಡಿಕೊಡುವ ಕೆಲಸ. ಅಣ್ಣ ಮೊದಲ ಸಲ ಮೆಟ್ಟಿಲು ಹತ್ತಿ ಬಂದದ್ದು ಒಂದು ಬೆಳಗ್ಗೆ. ಹಣೆಯ ತುಂಬ ವಿಭೂತಿ, ತುಂಬುತೋಳಿನ ಬಿಳಿ ಅಂಗಿ, ಆ ಅಂಗಿಯ ಮೇಲೆಲ್ಲ ಬ್ಯಾಟರಿ ಆ್ಯಸಿಡ್ ಸಿಡಿದು ಆದ ಸಣ್ಣ ಸಣ್ಣ ತೂತು. ಕುರ್ಚಿ ತೋರಿಸಿದರೆ ಕೂರಲಿಲ್ಲ.

“ನಿಮ್ಮಲ್ಲಿ ಯಾರಾದ್ರೂ ರಕ್ತ ಕೊಟ್ಟಿದೀರಾ?”

ನಾವೆಲ್ಲ ಕಂಪ್ಯೂಟರ್ ನೋಡಿದೆವು.

“ಒಬ್ರೂ ಇಲ್ವಾ? ಅಯ್ಯೋ ಶಿವನೇ! ನಾಚ್ಕೆ ಆಗಲ್ವಾ ನಿಮಗೆ?”

ಯಾರಾದರೂ ಬಾಯಿ ಬಿಡಬೇಕಲ್ಲ, ನಾನೇ ಬಿಟ್ಟೆ. “ನಂಗೆ ಸೂಜಿ ಕಂಡ್ರೆ ಭಯ ಸಾರ್.”

“ಮೂಗು ಚುಚ್ಚಿಸ್ಕೊಂಡಿದೀಯಲ್ಲ ಮಾರಾಯ್ತಿ, ಅದನ್ನೇನು ಮಲ್ಲಿಗೆ ಹೂವಲ್ಲಿ ಚುಚ್ಚಿದ್ರಾ?”

ಆಫೀಸೆಲ್ಲ ಘೊಳ್ಳೆಂದು ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಅದೇ ವಾರ ಹೋಗಿ ರಕ್ತ ಕೊಟ್ಟು ಬಂದೆ. ದೊಡ್ಡ ಮನಸ್ಸಿನಿಂದ ಕೊಟ್ಟೆ ಎಂದು ಯಾರೂ ತಿಳಿಯಬೇಡಿ, ಅವಮಾನ ತಡೆಯಲಾರದೆ ಕೊಟ್ಟೆ. ಅಣ್ಣನ ದಾರಿಯೇ ಅದು. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಿದ್ದವನ ಬೆನ್ನ ಹಿಂದೆ ನಿಂತು, “ತಿನ್ನು ತಿನ್ನು, ನಾಳೆ ಬಂದು ಒಂದು ಬಾಟ್ಲಿ ಇಳಿಸಿ ಹೋಗು” ಎನ್ನುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತವನ ರಕ್ತದ ಗುಂಪು ಕೇಳುತ್ತಿದ್ದರು. ರಾಗಿಗುಡ್ಡದ ಕಡೆಯ ಒಬ್ಬ ಜಿಮ್ ಹುಡುಗನನ್ನು ಟೀ ಅಂಗಡಿಯಲ್ಲಿ ಹತ್ತು ಜನರ ಮುಂದೆ ನಿಲ್ಲಿಸಿಕೊಂಡು, “ಈ ತೋಳು ಬರೀ ಷೋಕಿಗಾ? ಒಳಗೆ ರಕ್ತ ಇದ್ಯೋ ಇಲ್ಲ ಹೊಟ್ಟು ತುಂಬಿದ್ಯೋ?” ಎಂದರಂತೆ. ಆ ಹುಡುಗ ಟೀ ಅರ್ಧಕ್ಕೇ ಬಿಟ್ಟು ಹೋದ. ಆ ಕತೆಯನ್ನು ಅಣ್ಣ ನಮಗೆ ನಗುತ್ತಾ ಹೇಳಿದರು, ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅವರಿಗೆ ಬೇಕಾಗಿದ್ದ ಆ್ಯಪ್ ಸರಳವಾದದ್ದು. ರಕ್ತ ಬೇಕಾದವರು ಫೋನ್ ತೆರೆದರೆ ಸುತ್ತಮುತ್ತ ಆ ಗುಂಪಿನ ದಾನಿಗಳು ಎಲ್ಲಿದ್ದಾರೆಂದು ನಕ್ಷೆಯ ಮೇಲೆ ಕಾಣಬೇಕು. ನಾನು ಎಲ್ಲ ನಕ್ಷೆಗಳಲ್ಲೂ ಇರುವ ಕೆಂಪು ಗುರುತನ್ನೇ ಊರಿಗೊಂದರಂತೆ ನೆಟ್ಟು ತೋರಿಸಿದೆ. ಅಣ್ಣ ಮುಖ ಸಿಂಡರಿಸಿದರು.

“ಇದೇನು, ಹೋಟ್ಲು ತೋರಿಸೋಕೂ ಇದೇ, ಪೆಟ್ರೋಲ್ ಬಂಕಿಗೂ ಇದೇ. ಮನುಷ್ಯರ ಮುಖ ಹಾಕು.”

ಹಾಗಾಗಿ ರಕ್ತದ ಹನಿಯ ಆಕಾರ ಮಾಡಿ, ಅದರೊಳಗೆ ದಾನಿಯ ಮುಖ ಕೂರಿಸಿದೆ. ದಾನಿ ‘ಬರ್ತೀನಿ’ ಎಂದು ಒತ್ತಿದರೆ ಆ ಮುಖ ನಕ್ಷೆಯ ಮೇಲೆ ರಸ್ತೆ ಹಿಡಿದು ಹೊರಡಬೇಕು, ಆಸ್ಪತ್ರೆಯಲ್ಲಿ ಕಾಯುವವರಿಗೆ ಅದು ಕಾಣುತ್ತಿರಬೇಕು. ಒಬ್ಬರು ‘ಬರ್ತೀನಿ’ ಎಂದ ಕೂಡಲೇ ಉಳಿದವರಿಗೆ ಕರೆ ಹೋಗುವುದು ನಿಲ್ಲಬೇಕು. ಇದೆಲ್ಲ ಅಣ್ಣನ ಯೋಚನೆಯೇ. ನನಗೂ ಹುರುಪು ಬಂತು.

ಆಮೇಲೆ ನೀಲಿ ಚುಕ್ಕಿಯ ಜಗಳ. ಫೋನ್ ಹಿಡಿದವರು ಇರುವ ಜಾಗವನ್ನು ಸಾಮಾನ್ಯವಾಗಿ ನೀಲಿ ಚುಕ್ಕಿಯಲ್ಲಿ ತೋರಿಸುತ್ತೇವೆ, ಸುತ್ತ ತಿಳಿನೀಲಿ ವೃತ್ತ. ಅಣ್ಣನಿಗೆ ಅದು ಹಿಡಿಸಲಿಲ್ಲ. “ಹೆಂಡ್ತೀನ ಒಳಗೆ ಮಲಗ್ಸಿ ಹೊರಗೆ ನಿಂತಿರ್ತಾನೆ, ಅವನು ಬರೀ ಚುಕ್ಕಿನಾ? ಚುಕ್ಕಿ ನೋಡಿ ಯಾವನಿಗೆ ಕರುಳು ಚುರುಕ್ ಅನ್ನುತ್ತೆ? ಕೈ ಹಾಕು. ಬೇಡೋ ಕೈ.” ನಾನು ಚಾಚಿದ ಅಂಗೈಯೊಂದನ್ನು ಬರೆದು ನೀಲಿ ಚುಕ್ಕಿಯ ಜಾಗದಲ್ಲಿ ಇಟ್ಟೆ. ಚೆನ್ನಾಗಿಯೇ ಬಂತು. ಐದು ಬೆರಳೂ ಸ್ಪಷ್ಟವಾಗಿ ಕಾಣುತ್ತಿದ್ದವು.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಕರೆದಾಗ ಎರಡು ಸಲ ‘ಆಗಲ್ಲ’ ಎಂದು ಒತ್ತಿದವರನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ನಾನು ಹಳದಿ ಬಣ್ಣ ಸೂಚಿಸಿದೆ.

“ಹಳದಿ ಮಂಗಳದ ಬಣ್ಣ ಕಣೇ, ಇಂಥೋರಿಗೆ ಹಚ್ತೀಯಾ? ಬೂದು ಮಾಡು. ಎಲ್ಲರಿಗೂ ಕಾಣ್ಲಿ.”

“ಬೂದಿ ನಿಮ್ಮ ಹಣೆ ಮೇಲೂ ಇದೆಯಲ್ಲ ಅಣ್ಣ,” ಎಂದು ನಾನು ಚುಡಾಯಿಸಿದೆ.

ಅವರಿಗೆ ಸಿಟ್ಟೇ ಬಂತು. “ಇದು ವಿಭೂತಿ. ನಾನು ಹೇಳ್ತಿರೋದು ಒಲೆ ಬೂದಿ. ವ್ಯತ್ಯಾಸ ಗೊತ್ತಿಲ್ವಾ?”

ಬೂದು ಮಾಡಿದೆ. ಮುಖದ ಬಣ್ಣವೆಲ್ಲ ಹೀರಿ ತೆಗೆದಂತೆ, ಹನಿಯ ಕೆಂಪೂ ಇಲ್ಲದಂತೆ. ಬೂದಾದವರಿಗೆ ಇನ್ನು ಮುಂದೆ ಕರೆಯೂ ಹೋಗದ ಹಾಗೆ ಮಾಡಿದೆ. ಹೇಗೂ ಬರುವುದಿಲ್ಲ, ಯಾಕೆ ಸುಮ್ಮನೆ ಕರೆಯುವುದು ಎಂದು ನನ್ನ ಲೆಕ್ಕಾಚಾರ. ಅದು ಕೆಲಸ ಮಾಡಿತು, ಅದನ್ನೂ ಹೇಳಬೇಕು. ಶಿವಮೊಗ್ಗ, ಭದ್ರಾವತಿ ಎರಡೂ ಊರಿನಲ್ಲಿ ಜನ ತಮ್ಮ ಮುಖ ಬೂದಾಗುತ್ತದೆಂಬ ಹೆದರಿಕೆಗೇ ಎದ್ದು ಬರುತ್ತಿದ್ದರು. ಬಿಡುವಿದ್ದಾಗ ನಕ್ಷೆ ತೆಗೆದು ಯಾರ್ಯಾರು ಬೂದಾಗಿದ್ದಾರೆಂದು ನೋಡಿ ನಗುವುದು ಕೆಲವರಿಗೆ ಚಟವೇ ಆಯಿತು. ನನಗೂ ಆ ಚಟ ಇತ್ತು.

ಅಣ್ಣನದು ಓ ನೆಗೆಟಿವ್, ಯಾವ ಗುಂಪಿನವರಿಗೂ ಕೊಡಬಹುದಾದ ಅಪರೂಪದ ಗುಂಪು. ಅವರ ಮುಖ ನಕ್ಷೆಯಲ್ಲಿ ಯಾವಾಗಲೂ ಕೆಂಪು. ಯಾವ ಕರೆ ಬಂದರೂ ‘ಬರ್ತೀನಿ’ ಎಂದು ಒತ್ತಿ, ಬ್ಯಾಟರಿ ಸಾಗಿಸುವ ಹಳೇ ವ್ಯಾನ್ ಹತ್ತಿ ಹೊರಡುತ್ತಿದ್ದರು. ಜೊತೆಗೆ ಒಬ್ಬರು ಇದ್ದೇ ಇರುತ್ತಿದ್ದರು. “ಧೈರ್ಯಕ್ಕೆ ಇರ್ಲಿ ಅಂತ ಕರ್ಕೊಂಡ್ ಬಂದೆ” ಎನ್ನುತ್ತಿದ್ದರು. ಇಬ್ಬರೂ ಒಳಗೆ ಹೋಗುತ್ತಿದ್ದರು, ಇಬ್ಬರೂ ಹೊರಗೆ ಬರುತ್ತಿದ್ದರು. ರೋಗಿಯ ಮನೆಯವರು ಬಂದು ಅಣ್ಣನ ಕಾಲಿಗೆ ಬೀಳುತ್ತಿದ್ದರು. ಜೊತೆಗೆ ಬಂದವನು ಮೊಣಕೈ ಮಡಚಿಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದ. ಅವನನ್ನು ಯಾರೂ ಗಮನಿಸುತ್ತಿರಲಿಲ್ಲ, ಒಬ್ಬರೇ ಇಷ್ಟು ಸಲ ಹೇಗೆ ಕೊಡುತ್ತಾರೆ ಎಂದೂ ಯಾರೂ ಕೇಳುತ್ತಿರಲಿಲ್ಲ.

ನನ್ನ ತಮ್ಮನ ಹೆಂಡತಿಯ ಹೆರಿಗೆಯ ದಿನ ಬಂತು. ಮಗು ಆಯಿತು, ರಕ್ತಸ್ರಾವ ನಿಲ್ಲಲಿಲ್ಲ. ಅವಳದೂ ಓ ನೆಗೆಟಿವ್. ಇದ್ದ ಒಂದು ಬಾಟಲಿ ಹಾಕಿದ್ದಾರೆ, ಇನ್ನೊಂದು ಬೇಕು, ಪರೀಕ್ಷೆಗೂ ಹೊತ್ತು ಹಿಡಿಯುತ್ತದೆ, ಬೇಗ ಯಾರನ್ನಾದರೂ ಕರೆಸಿ ಎಂದರು ಡಾಕ್ಟರು. ತಮ್ಮ ನನ್ನ ಕಡೆ ತಿರುಗಿದ. “ಹೆದರ್ಬೇಡ ಕಣೋ, ನಮ್ಮ ಅಣ್ಣ ಇದಾರೆ” ಎಂದು ನಾನೇ ಫೋನ್ ತೆಗೆದೆ.

ನಕ್ಷೆ ತೆರೆದುಕೊಂಡಿತು. ಶಿವಮೊಗ್ಗದ ಆಸ್ಪತ್ರೆಯ ಮೇಲೆ ಚಾಚಿದ ಅಂಗೈ ಮೂಡಿತು.

ತಮ್ಮ ಬಗ್ಗಿ ನೋಡಿದ. “ಇದೇನಕ್ಕ, ಭಿಕ್ಷೆ ಕೈ?”

“ನಾವೇ ಕಣೋ. ನಾವಿರೋ ಜಾಗ.”

“ಯಾವ ಮುಠ್ಠಾಳ ಮಾಡಿದ್ದು ಇದನ್ನ?”

ಆ ಕೈಯನ್ನು ಬರೆದಾಗ ಬೆರಳಿನ ಗೆರೆ ಸಹಿತ ತಿದ್ದಿದ್ದೆ. ಈಗ ಅದು ನನ್ನ ಕೈ. ಆ ಕ್ಷಣ ಫೋನ್ ಎತ್ತಿ ಬಿಸಾಡಬೇಕೆನಿಸಿತು.

ಭದ್ರಾವತಿಯಲ್ಲಿ ಅಣ್ಣನ ಕೆಂಪು ಮುಖ ಇತ್ತು. ಕರೆ ಹೋದ ಸ್ವಲ್ಪ ಹೊತ್ತಿಗೇ ‘ಬರ್ತೀನಿ’ ಎಂದು ಬಂತು, ಮುಖ ಹೊರಟಿತು. ಇಬ್ಬರೂ ಬೆಂಚಿನ ಮೇಲೆ ತಲೆಗೆ ತಲೆ ತಾಗಿಸಿಕೊಂಡು ಅದನ್ನೇ ನೋಡುತ್ತಾ ಕೂತೆವು. ನಡುದಾರಿಯ ಮಾಚೇನಹಳ್ಳಿಯವರೆಗೆ ಬಂದು ನಿಂತಿತು. ರೈಲ್ವೆ ಗೇಟೋ, ಪಂಕ್ಚರೋ ಎಂದುಕೊಂಡೆವು. ಫೋನ್ ಮಾಡಿದರೆ ಬಿಜಿ. ಮತ್ತೆ ಮಾಡಿದರೂ ಬಿಜಿ. ಮುಖ ಅಲ್ಲೇ ಇತ್ತು. ಆಮೇಲೆ ಅಲುಗಿತು. ತಮ್ಮ, “ಬಂದ್ರು ಬಂದ್ರು” ಎಂದ. ಬರಲಿಲ್ಲ, ಅಣ್ಣನ ಮುಖ ಭದ್ರಾವತಿಯ ಕಡೆಗೆ ತಿರುಗಿ ಹೋಗುತ್ತಿತ್ತು.

“ವಾಪಸ್ ಹೋಗ್ತಿದಾನಲ್ಲೇ ಅಕ್ಕ! ಇವನ್ನ ನಂಬ್ಕೊಂಡು ಕೂತ್ವಲ್ಲ!”

ಅವನ ಮುಖ ನೋಡಲು ನನಗೆ ಆಗಲಿಲ್ಲ. ಗುರುತಿದ್ದವರಿಗೆಲ್ಲ ಫೋನ್ ಮಾಡಿದೆ, ಬೇರೆ ಊರುಗಳಿಗೆ ಮಾಡಿದೆ. ನಕ್ಷೆಯಲ್ಲಿ ಓ ನೆಗೆಟಿವ್ ಇನ್ನೊಂದು ಮುಖ ಇತ್ತು, ಶಂಕರಘಟ್ಟದಲ್ಲಿ, ಯುನಿವರ್ಸಿಟಿಯಲ್ಲಿ ಗುಮಾಸ್ತೆಯಾಗಿರುವ ಹೆಂಗಸು. ಬೂದು. ಎರಡು ಸಲ ‘ಆಗಲ್ಲ’ ಎಂದವಳು. ಕರೆದು ಏನು ಪ್ರಯೋಜನ ಎಂದು ಆ ಮುಖದ ಮೇಲೆ ಬೆರಳಿಡಲೇ ಇಲ್ಲ ನಾನು.

ಅಣ್ಣನ ವ್ಯಾನು ಆಸ್ಪತ್ರೆಗೆ ಬಂದದ್ದು ಸಂಜೆ ಹೊತ್ತಿಗೆ. ಅವರ ಜೊತೆ ಆ ಹೆಂಗಸೇ ಇದ್ದಳು. ದಡದಡನೆ ಒಳಗೆ ನಡೆದು ಹೋಗಿ ರಕ್ತ ಕೊಟ್ಟಳು. ಅಣ್ಣ ವರಾಂಡದಲ್ಲೇ ನಿಂತರು. ತಮ್ಮ ಎದ್ದು ಹೋಗಿ ಅವರ ಎದುರು ನಿಂತ. ಸುತ್ತ ಜನ ಇದ್ದರು.

“ಮಾಚೇನಹಳ್ಳಿವರೆಗೂ ಬಂದಿದ್ರಲ್ಲ ನೀವು! ನೀವೇ ಕೊಟ್ಟಿದ್ರೆ ಇಷ್ಟೊತ್ತಿಗೆ ಹಾಕಿ ಮುಗೀತಿತ್ತು. ಊರಿಗೆಲ್ಲ ಬುದ್ಧಿ ಹೇಳ್ತೀರಿ. ನಾಚ್ಕೆ ಆಗಲ್ವಾ ನಿಮಗೆ?”

ಅಣ್ಣ ಕತ್ತು ಬಗ್ಗಿಸಿದರು. “ಆಗ್ತದಪ್ಪ,” ಎಂದರು.

ಆಮೇಲೆ ಅಲ್ಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚಿಕೊಳ್ಳಲು ಶುರು ಮಾಡಿ ವರ್ಷಗಳಾಗಿವೆ, ಅವರ ರಕ್ತ ತೆಗೆದುಕೊಳ್ಳುವುದಿಲ್ಲ. ಊರಿನವರನ್ನೆಲ್ಲ ಹೀಯಾಳಿಸಿದ ಬಾಯಲ್ಲಿ ನನಗೆ ಆಗುವುದಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅದಕ್ಕೇ ಪ್ರತಿ ಸಲ ಯಾರನ್ನಾದರೂ ಒಪ್ಪಿಸಿ ಜೊತೆಗೆ ತರುತ್ತಿದ್ದರು. ಇವತ್ತು ದಾರಿಯಲ್ಲಿ ಯಾರಾದರೂ ಸಿಗುತ್ತಾರೆ ಎಂದು ಧೈರ್ಯ ಮಾಡಿ ಹೊರಟಿದ್ದರು. ಈ ಗುಂಪಿನವರು ಯಾರೂ ಸಿಗಲಿಲ್ಲ. ಮಾಚೇನಹಳ್ಳಿಯಲ್ಲಿ ವ್ಯಾನ್ ನಿಲ್ಲಿಸಿ ಆ ಹೆಂಗಸಿಗೆ ಫೋನ್ ಮಾಡಿ ಅತ್ತರಂತೆ. ಅವಳು ಬಸ್ ಇಲ್ಲ ಎಂದಳು. ಇವರೇ ಭದ್ರಾವತಿ ದಾಟಿ ಶಂಕರಘಟ್ಟಕ್ಕೆ ಹೋಗಿ ಕರೆತಂದರು.

ತಮ್ಮನ ಹೆಂಡತಿ ಉಳಿದಳು. ಮಗು ಈಗ ಮನೆ ತುಂಬ ಅಂಬೆಗಾಲಿಡುತ್ತಿದೆ.

ಆ ಹೆಂಗಸಿಗೆ ಕಾಫಿ ಕೊಟ್ಟು, ಎರಡು ಸಲ ಯಾಕೆ ಆಗಲ್ಲ ಅಂದಿರಿ ಎಂದು ಕೇಳಿದೆ. ಒಂದು ಸಲ ಮಗು ಇನ್ನೂ ಎದೆಹಾಲು ಕುಡಿಯುತ್ತಿತ್ತಂತೆ, ಆಗ ರಕ್ತ ಕೊಡುವಂತಿರಲಿಲ್ಲ. ಇನ್ನೊಂದು ಸಲ ರಕ್ತ ಕಡಿಮೆ ಇದೆ ಎಂದು ಮಾತ್ರೆ ಕೊಟ್ಟಿದ್ದರಂತೆ. “ಈಗ ಸರಿ ಹೋಗಿ ಎಷ್ಟೋ ದಿನ ಆಯ್ತು. ಕರೆ ಬರುತ್ತೇನೋ ಅಂತ ಕಾಯ್ತಿದ್ದೆ. ಬಸ್ಸಲ್ಲಿ ನಮ್ಮ ಆಫೀಸಿನೋರು ನನ್ನ ಬೂದಿ ಮುಖ ತೋರಿಸ್ಕೊಂಡು ನಗ್ತಿದ್ರು. ಕೇಳಿದ್ರೆ ಹೇಳ್ತಿದ್ದೆ ಮೇಡಂ. ನೀವು ಕೇಳ್ಲೇ ಇಲ್ಲ, ಬಣ್ಣ ಬಳಿದ್ರಿ.”

ನನಗೆ ನೆಲ ಬಿರಿದು ನುಂಗಬಾರದೆ ಎನಿಸಿತು. ತಪ್ಪಾಯಿತು ಎಂದೆ. ಅವಳು ಕಾಫಿ ಮುಗಿಸಿ ಲೋಟ ಕೆಳಗಿಟ್ಟಳು.

ಮಾರನೇ ದಿನ ಅಣ್ಣ ಆಫೀಸಿಗೆ ಬಂದರು. ಬೂದು ಬಣ್ಣವನ್ನೇ ತೆಗೆದುಬಿಡೋಣ, ಕೊಡಲಾಗದವರ ಗುರುತು ನಕ್ಷೆಯಲ್ಲಿ ಕಾಣುವುದೇ ಬೇಡ, ಯಾಕೆ ಆಗುವುದಿಲ್ಲ ಎಂದು ನಮಗೆ ಮಾತ್ರ ಗುಟ್ಟಾಗಿ ತಿಳಿಸಿದರೆ ಸಾಕು ಎಂದು ನಾನು ಮೊದಲೇ ಯೋಚಿಸಿಟ್ಟಿದ್ದೆ. ಬೇಡುವ ಕೈಯನ್ನು ತೆಗೆದು ಮತ್ತೆ ನೀಲಿ ಚುಕ್ಕಿ ಇಡುವುದೆಂದೂ ಹೇಳಿದೆ. ಎಲ್ಲದಕ್ಕೂ ಹೂಂ ಎಂದರು.

“ಎಲ್ಲರದೂ ತೆಗಿ. ನಂದು ಬೂದು ಮಾಡಿ ಅಲ್ಲೇ ಇಡು.”

“ಬೇಡ ಅಣ್ಣ. ನಿಮ್ಮದೂ ಕಾಣದ ಹಾಗೆ ಮಾಡ್ತೀನಿ.”

“ಕಾಣದೇ ಇದ್ರೆ ಫೋನ್ ಕೆಟ್ಟಿರ್ಬೇಕು ಅನ್ಕೊಂಡು ಅಂಗಡಿಗೇ ಬರ್ತಾರೆ. ಬ್ಯಾಟರಿ ಅಣ್ಣ ಕೊಡ್ತಾನೆ ಅಂತ ಎರಡೂ ಊರಿಗೆ ಗೊತ್ತು. ಕೊಡಲ್ಲ ಅಂತ್ಲೂ ಗೊತ್ತಾಗ್ಲಿ.”

ಹೀಗೆ ನಕ್ಷೆಯ ತುಂಬ ಕೆಂಪು ಮುಖಗಳ ನಡುವೆ ಅವರದೊಂದೇ ಬೂದಾಗಿ ಉಳಿಯಿತು. ಅವರಿಂದ ಬೈಸಿಕೊಂಡವರೆಲ್ಲ ಒಬ್ಬೊಬ್ಬರಾಗಿ ಬ್ಯಾಟರಿ ಅಂಗಡಿಗೆ ಬಂದರು. ಬ್ಯಾಟರಿ ಕೊಳ್ಳಲು ಅಲ್ಲ. “ಏನಣ್ಣ, ನಾಚ್ಕೆ ಆಗಲ್ವಾ?” ಎಂದು ಕೇಳಿ ಹೋಗುವುದಕ್ಕೆ. ನಾನೊಮ್ಮೆ ಅಲ್ಲೇ ಇದ್ದೆ. ಅಣ್ಣ ಸ್ಟೂಲ್ ಎಳೆದು ಕೊಟ್ಟು, “ಆಗ್ತದೆ, ಕೂತ್ಕೊ” ಎಂದರು. ಟೀ ತರಿಸಿದರು, ಅವನಿಗೆ ಸಕ್ಕರೆ ಹಾಕಿದ್ದು, ತಮಗೆ ಇಲ್ಲದ್ದು. “ನಂಗೆ ಇಂಥ ಕಾಯಿಲೆ ಅಂತ ಹೇಳೋಕೆ ನಾಚ್ಕೆ ಆಗಿತ್ತು. ನಿಂಗೇನಾದ್ರೂ ತೊಂದರೆ ಇದ್ಯಾ? ಇದ್ರೆ ನನ್ ಹತ್ರ ಹೇಳು, ಇಲ್ದಿದ್ರೆ ಯೋಚ್ನೆ ಮಾಡು” ಎಂದರು. ನಗಲು ಬಂದವನು ತಲೆ ಕೆರೆದುಕೊಂಡು ಹೋದ. ಆಮೇಲೆ ಅವನೂ ಒಬ್ಬ ದಾನಿಯಾದ ಎಂದು ಕೇಳಿದೆ.

ರಾಗಿಗುಡ್ಡದ ಆ ಜಿಮ್ ಹುಡುಗನನ್ನು ಹುಡುಕಿಕೊಂಡು ಹೋದರಂತೆ. ಅವನಿಗೆ ಮೂರ್ಛೆ ರೋಗವಿತ್ತು. ಚಿಕ್ಕಂದಿನಿಂದ ಮಾತ್ರೆ ನುಂಗುತ್ತಿದ್ದ, ಯಾರಿಗೂ ಗೊತ್ತಾಗದ ಹಾಗೆ ಇಟ್ಟುಕೊಂಡಿದ್ದ. ಅಣ್ಣ ಅವರ ಮನೆಯ ಜಗಲಿಯ ಮೇಲೆ ಕೂತು ಆ ಹುಡುಗನ ತಾಯಿಯ ಹತ್ತಿರ ಕ್ಷಮೆ ಕೇಳಿ ಬಂದರು. ಇದನ್ನು ನನಗೆ ಹೇಳುವಾಗ ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತು. ಆ ಕತೆಗೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕವಳೇ ತಾನೆ.

ಕೆಲವು ತಿಂಗಳ ಮೇಲೆ ಅಣ್ಣನ ಹೆಂಡತಿ ಒಬ್ಬರೇ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದರು. ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಮೇಜಿನ ಪಕ್ಕ ಕೂತರು.

“ಸತ್ತೋರ ಫೋಟೋ ತರ ಕಾಣುತ್ತೆ ಕಣಮ್ಮ ಅವರ ಮುಖ. ಮೊನ್ನೆ ಮದುವೆ ಮನೇಲಿ ಹೆಂಗಸರು ಫೋನ್ ತೆಗ್ದು ಒಬ್ರಿಗೊಬ್ರು ತೋರಿಸ್ಕೊಂಡು ನಗ್ತಿದ್ರು, ನನ್ನ ಎದುರಿಗೇ. ನಾನು ಹೆಂಗೆ ತಲೆ ಎತ್ಕೊಂಡು ಓಡಾಡ್ಲಿ? ಕೆಂಪು ಮಾಡಿಬಿಡು ತಾಯಿ. ಅವರಿಗೆ ಹೇಳ್ಬೇಡ. ಅವರು ಫೋನ್ ನೋಡೋದೇ ಬಿಟ್ಟಿದಾರೆ.”

ಅವರು ಅಲ್ಲಿ ಕೂತಿರುವಾಗಲೇ ಕೆಂಪು ಮಾಡಿದೆ. ಆ್ಯಪಿನಿಂದ ಅವರಿಗೆ ಕರೆ ಹೋಗದ ಹಾಗೆ ನೋಡಿಕೊಂಡೆ. ಬರೀ ಬಣ್ಣ ತಾನೇ, ಯಾರಿಗೇನು ನಷ್ಟ ಎಂದುಕೊಂಡೆ. ಅತ್ತಿಗೆ ನನ್ನ ಗಲ್ಲ ಸವರಿ, ಬ್ಯಾಗಿನಿಂದ ಎರಡು ಚಕ್ಕುಲಿ ತೆಗೆದು ಕೊಟ್ಟು ಹೋದರು. ನನಗೂ ಹಾಯೆನಿಸಿತು.

ಒಂದು ವಾರ ಕಳೆದಿರಬೇಕು. ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಅಣ್ಣ ಬಂದು ಬಾಗಿಲಲ್ಲಿ ನಿಂತರು. ಆ ದಿನವೂ ಕೂರಲಿಲ್ಲ.

“ನಿನ್ನೆ ಮಧ್ಯಾಹ್ನ ಊಟ ಮುಗ್ಸಿ ಅಂಗಡಿಗೆ ಹೋದ್ರೆ, ಮುಂದುಗಡೆ ಬೆಂಚ್ ಮೇಲೆ ಒಬ್ಬ ಮುದುಕ ಕೂತಿದ್ದ. ಮಗಳಿಗೆ ರಕ್ತ ಬೇಕಂತೆ, ನಮ್ಮದೇ ಗುಂಪು. ಫೋನಲ್ಲಿ ನೋಡಿದ್ನಂತೆ, ಪಕ್ಕದ ಬೀದೀಲೇ ನಾನು ಕೆಂಪಗೆ ಕಂಡ್ನಂತೆ. ನೀವಿದೀರಲ್ಲ ಅಂತ ಬೇರೆ ಯಾರಿಗೂ ಹೇಳ್ಲಿಲ್ಲ ಸ್ವಾಮಿ, ನೀವು ಬರೋವರೆಗೂ ಕಾಯ್ತಾ ಕೂತೆ ಅಂದ. ನನ್ನ ಎರಡೂ ಕೈ ಹಿಡ್ಕೊಂಡ.”

“ಆ ಹುಡುಗಿ...?”

“ಉಳಿದ್ಲು. ಹೊತ್ತು ಮುಳುಗೋ ಹೊತ್ತಿಗೆ ದಾವಣಗೆರೆಯಿಂದ ಬಂತು ರಕ್ತ. ಅವನಿಗೆ ನನ್ನಿಂದ ಆಗಲ್ಲಪ್ಪ ಅಂತ ಹೇಳಿದ್ನಲ್ಲ, ಆಗ ಅವನ ಮುಖ ನೀನು ನೋಡ್ಬೇಕಿತ್ತು.”

“ಅತ್ತಿಗೆ ಬಂದು ಅತ್ರು ಅಣ್ಣ.”

“ಅವಳ ಮೇಲೆ ಹಾಕ್ಬೇಡ. ಅವಳು ಕೇಳಿದ್ಲು, ಮಾಡಿದ್ದು ನೀನು. ಯಾಕ್ ಮಾಡ್ದೆ, ಅದನ್ನ ಹೇಳು.”

ಆಫೀಸಿನಲ್ಲಿ ಎಲ್ಲರೂ ಕೈ ನಿಲ್ಲಿಸಿ ಕೂತಿದ್ದರು. ಸುಳ್ಳು ಹೇಳಲು ಆಗಲಿಲ್ಲ. “ನಂಗೇ ನಾಚ್ಕೆ ಆಗ್ತಿತ್ತು ಅಣ್ಣ. ದಿನಾ ಬೆಳಗಾದ್ರೆ ನಿಮ್ಮ ಮುಖ ಹಂಗೆ ನೋಡೋಕೆ ನನ್ನಿಂದ ಆಗ್ತಿರ್ಲಿಲ್ಲ.”

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಮೆಲ್ಲಗೆ, ಮಗುವನ್ನು ಕೇಳುವ ಹಾಗೆ ಕೇಳಿದರು.

“ನಿನ್ನ ನಾಚ್ಕೆ ಹೋಗ್ಲಿ ಅಂತ ನಾನು ಮತ್ತೆ ಸುಳ್ಳು ಹೇಳ್ಕೊಂಡು ಬದುಕ್ಬೇಕಾ ಮಾರಾಯ್ತಿ?”

ಕುರ್ಚಿ ಎಳೆದುಕೊಂಡು ಕೂತು ಅವರ ಮುಖವನ್ನು ಮತ್ತೆ ಬೂದು ಮಾಡಿದೆ. ಮುಗಿಯುವವರೆಗೂ ಅವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು.